ಲಚ್ಚ ನೊಗ ಕಳಚಿದ, ಹೊತ್ತವರು ಯಾರು?

ಕಾಣೆಯಾದವರ ಸುದ್ದಿ ಬರೆಯುವುದು ನಮ್ಮಂಥ ಜಿಲ್ಲಾ ವರದಿಗಾರರಿಗೆ ಐದು ನಿಮಿಷದ ಕೆಲಸ. ಠಾಣೆಯಿಂದ ಪ್ರಕಟಣೆ ಬರುತ್ತದೆ. ವಯಸ್ಸು, ಎತ್ತರ, ಮೈಬಣ್ಣ, ಹೋಗುವಾಗ ತೊಟ್ಟಿದ್ದ ಅಂಗಿ, ಆಡುವ ಭಾಷೆ, ಎಲ್ಲ ಅದರಲ್ಲೇ ಇರುತ್ತದೆ. "ಮನೆಯಿಂದ ಹೋದವರು ಈವರೆಗೆ ವಾಪಸ್ ಬಂದಿರುವುದಿಲ್ಲ" ಎಂಬ ಸಾಲು ಸೇರಿಸಿ ಡೆಸ್ಕಿಗೆ ಕಳಿಸಿದರೆ ಮುಗಿಯಿತು.

ಕೆಲವು ವರ್ಷಗಳ ಹಿಂದೆ ಕುಂದಾಪುರ ಕಡೆಯ ಹಳ್ಳಿಯೊಂದರ ಯುವಕನ ಬಗ್ಗೆ ಹೀಗೇ ಬರೆದಿದ್ದೆವು. ಮದುವೆಯಾಗಿ ಮೂರು ವರ್ಷ, ಒಂದು ಮಗು, ಸೊಸೈಟಿಯಲ್ಲಿ ಸಾಲ. ಪೇಟೆಗೆ ಹೋಗಿ ಬರುತ್ತೇನೆ ಎಂದು ಬೆಳಿಗ್ಗೆ ಹೊರಟವನು ಬರಲಿಲ್ಲ. ಮರುವರ್ಷ ಬೇರೆ ವರದಿಗೆಂದು ಅದೇ ಊರಿಗೆ ಹೋದಾಗ ಅವನ ಹೆಂಡತಿ ನಮ್ಮನ್ನು ಗುರುತಿಸಿದರು. ಕೈಯಲ್ಲಿ ಹಾಲಿನ ಕ್ಯಾನು ಇತ್ತು. "ಹೋಯ್, ಪೇಪರಂಗೆ ಅವ್ರ್ ಅಂಗಿ ಬಣ್ಣ ಎಲ್ಲ ಬಂದಿತ್. ಡೈರಿಗೆ ಹಾಲ್ ಹಾಕುದ್ ಯಾರ್ ಅಂದೇಳಿ ನೀವ್ ಕೇಣ್ಲೇ ಇಲ್ಲ" ಎಂದರು. ನಗುತ್ತಲೇ ಹೇಳಿದರು. ನಮಗೆ ಉತ್ತರ ಹೊಳೆಯಲಿಲ್ಲ.

ಮನೆಗೆ ಬಂದು ಕೈಗೆತ್ತಿಕೊಂಡದ್ದು ಶಿವರಾಮ ಕಾರಂತರ 'ಮರಳಿ ಮಣ್ಣಿಗೆ'. ಡಿಪ್ಲೊಮಾ ಓದುವಾಗ ಪರೀಕ್ಷೆಗೆ ಬೇಕಾದಷ್ಟು ಓದಿದ್ದ ಪುಸ್ತಕ. ಪೇಟೆ ಸುತ್ತಿದ ಯುವಕ ಕೊನೆಗೆ ಹೊಲಕ್ಕೆ ಮರಳುವ ಕಥೆ ಎಂದು ಬರೆದು ಪಾಸಾಗಿದ್ದೆವು. ಈ ಸಲ ಓದಿದಾಗ ಮನಸ್ಸು ಹಿಡಿದದ್ದು ಆ ಯುವಕನ ಅಪ್ಪ ಲಚ್ಚ. ಅವನು ಕಳಚಿ ಎಸೆದ ಹೊಣೆಯನ್ನೆಲ್ಲ ಹೊತ್ತುಕೊಂಡ ಹೆಂಗಸರು ಅದಕ್ಕಿಂತ ಹೆಚ್ಚು ಕಾಡಿದರು. ಇದು ಕಾದಂಬರಿಯ ವಿಮರ್ಶೆ ಅಲ್ಲ. ನಮ್ಮ ಕರಾವಳಿಯಲ್ಲಿ ಯುವಕರು ಊರು ಬಿಟ್ಟ ಚರಿತ್ರೆಯನ್ನು ಆ ಕಾದಂಬರಿ ಕೈಯಲ್ಲಿ ಹಿಡಿದು ನೋಡುವ ಪ್ರಯತ್ನ.

ಕೋಡಿಯ ಮನೆ

ಕಾರಂತರು ಹುಟ್ಟಿದ್ದು 1902ರ ಅಕ್ಟೋಬರ್ 10ರಂದು, ಕೋಟದಲ್ಲಿ. ಇವತ್ತು ಅದು ಉಡುಪಿ ಜಿಲ್ಲೆ. ಆಗ ದಕ್ಷಿಣ ಕನ್ನಡ, ಮದರಾಸು ಪ್ರಾಂತ್ಯದ ಒಂದು ಮೂಲೆ. ಕಾದಂಬರಿಯ ಕಥೆ ನಡೆಯುವ ಕೋಡಿ ಅದೇ ಸೀಮೆಯದು. ಒಂದು ಕಡೆ ಕಡಲು, ಇನ್ನೊಂದು ಕಡೆ ಹೊಳೆ, ನಡುವೆ ಮರಳು ನೆಲ, ಸ್ವಲ್ಪ ಗದ್ದೆ, ತೆಂಗು.

ಆ ಮನೆಯ ಯಜಮಾನ ರಾಮ ಐತಾಳ. ಪೌರೋಹಿತ್ಯ ಮಾಡುವವನು. ಹೆಂಡತಿ ಪಾರೋತಿ, ವಿಧವೆ ತಂಗಿ ಸರಸೋತಿ. ಪುರೋಹಿತರ ಮನೆ ಎಂದರೆ ಕುಳಿತು ಉಣ್ಣುವ ಮನೆ ಎಂದು ಭಾವಿಸಿದರೆ ತಪ್ಪು. ಗದ್ದೆ ಕೆಲಸ, ಸೊಪ್ಪು, ಸೌದೆ, ದನಕರು, ಬಂದವರ ಊಟ, ಇವೆಲ್ಲ ಆ ಇಬ್ಬರು ಹೆಂಗಸರ ಮೇಲೆ. ಮಳೆಗಾಲದಲ್ಲಿ ಹೊಳೆಯ ನೆರೆಗೆ ತೇಲಿ ಬರುವ ಕಟ್ಟಿಗೆಯನ್ನೂ ಬಿಡದೆ ಹಿಡಿದು ಒಟ್ಟುತ್ತಾರೆ. ಐತಾಳನ ಗಂಟು ಬೆಳೆದದ್ದು ದಕ್ಷಿಣೆಯಿಂದ ಎಷ್ಟೋ, ಇವರ ದುಡಿಮೆಯಿಂದ ಅಷ್ಟೇ.

ಮಕ್ಕಳಾಗಲಿಲ್ಲ ಎಂದು ಐತಾಳ ಇನ್ನೊಂದು ಮದುವೆಯಾಗುತ್ತಾನೆ. ಆಗ ಅದಕ್ಕೆ ಕಾನೂನಿನ ಅಡ್ಡಿ ಇರಲಿಲ್ಲ. ಮದರಾಸು ಪ್ರಾಂತ್ಯದಲ್ಲಿ ಹಿಂದೂ ಗಂಡಸರ ಎರಡನೇ ಮದುವೆಗೆ ತಡೆ ಬಂದದ್ದೇ 1949ರಲ್ಲಿ. ಹೊಸ ಹೆಂಡತಿ ಸತ್ಯಭಾಮೆಯ ಹೊಟ್ಟೆಯಲ್ಲಿ ಹುಟ್ಟಿದವನು ಲಕ್ಷ್ಮೀನಾರಾಯಣ, ಮನೆಯವರ ಬಾಯಲ್ಲಿ ಲಚ್ಚ. ಹೆತ್ತ ತಾಯಿ ಯಾರಾದರೇನು, ಪಾರೋತಿ ಅವನನ್ನು ತನ್ನ ಮಗನಂತೆಯೇ ಹಚ್ಚಿಕೊಳ್ಳುತ್ತಾಳೆ. ಮೂರು ಹೆಂಗಸರ ದುಡಿಮೆ, ಒಬ್ಬ ಗಂಡಸಿನ ಆಸೆ, ಎಲ್ಲ ಸೇರಿ ಬೆಳೆದ ಹುಡುಗ ಅವನು.

ಘಟ್ಟ ಹತ್ತಿದವರು

ಲಚ್ಚನ ಕಥೆಗೆ ಹೋಗುವ ಮೊದಲು ಪಕ್ಕದ ಮನೆಯ ಕಥೆ ಹೇಳಬೇಕು. ಶೀನ ಮಯ್ಯನ ಮನೆಯವರು ಘಟ್ಟ ಹತ್ತುತ್ತಾರೆ. ಬೆಂಗಳೂರಿಗೆ ಹೋಗಿ ಹೋಟೆಲು ನಡೆಸುತ್ತಾರೆ. ದುಡ್ಡು ಊರಿಗೆ ಬರುತ್ತದೆ. ಐತಾಳನ ಹೊಟ್ಟೆಯಲ್ಲಿ ಕಿಚ್ಚು ಹತ್ತುತ್ತದೆ. ಅವರ ಮನೆ ಮೆರೆದರೆ ತನ್ನದೂ ಮೆರೆಯಬೇಕು.

ಇದು ಕಾರಂತರು ಕಟ್ಟಿದ ಕಥೆಯಾದರೂ ಹಿಂದೆ ನಿಜವಾದ ಚರಿತ್ರೆ ಇದೆ. ಕರಾವಳಿಯಲ್ಲಿ ಬ್ರಾಹ್ಮಣ ಮನೆಗಳಿಗೆ ಭೂಮಿ ಕಡಿಮೆ, ಮಕ್ಕಳು ಹೆಚ್ಚು. ಪೌರೋಹಿತ್ಯ ಎಲ್ಲರ ಹೊಟ್ಟೆ ತುಂಬಿಸುವುದಿಲ್ಲ. ಅಡುಗೆ ಒಂದು ಗೊತ್ತು. ಉಡುಪಿಯ ಮಠಗಳಲ್ಲಿ, ಮದುವೆ ಮುಂಜಿಗಳಲ್ಲಿ ಕಲಿತ ಕೈ. ಆ ಕೈಯನ್ನೇ ನಂಬಿ ಹುಡುಗರು ಹೊರಟರು. ಉಡುಪಿಯ ಕಡೆಯಿಂದ ಹೋದ ಕೆ. ಸೀತಾರಾಮ ರಾವ್ 1921ರಲ್ಲಿ ಮೈಸೂರಿನಲ್ಲಿ ಶುರು ಮಾಡಿದ್ದೇ ಮುಂದೆ ದಾಸಪ್ರಕಾಶ್ ಆಯಿತು. ಕೋಟದ ಪಕ್ಕದ ಪಾರಂಪಳ್ಳಿಯ ಮಯ್ಯ ಸಹೋದರರು 1924ರಲ್ಲಿ ಬೆಂಗಳೂರಿನಲ್ಲಿ ತೆರೆದ ಕಾಫಿ ಕ್ಲಬ್ಬೇ ಇವತ್ತಿನ ಎಂಟಿಆರ್. ಕಡಂದಲೆಯ ಕೃಷ್ಣ ರಾವ್ 1938ರಲ್ಲಿ ಮದರಾಸಿನಲ್ಲಿ ವುಡ್‌ಲ್ಯಾಂಡ್ಸ್ ಆರಂಭಿಸಿದರು. ಎ. ರಾಮ ನಾಯಕ್ 1942ರಲ್ಲಿ ಮುಂಬಯಿಯ ಮಾಟುಂಗದಲ್ಲಿ ಬೋರ್ಡಿಂಗ್ ತೆರೆದರು. ಕಾದಂಬರಿಯ ಮಯ್ಯರು ಇಂಥವರೇ ಎಂದು ಬೆರಳು ಮಾಡಲು ಬರುವುದಿಲ್ಲ. ಆದರೆ ಕಾರಂತರು ತಮ್ಮ ಕಣ್ಣೆದುರೇ ಊರಿಂದ ಊರಿಗೆ ನಡೆಯುತ್ತಿದ್ದುದನ್ನು ಬರೆದರು ಎಂಬುದರಲ್ಲಿ ಸಂಶಯವಿಲ್ಲ.

ಇವರೂ ಊರು ಬಿಟ್ಟವರೇ. ಇವರನ್ನು ಯಾರೂ ಓಡಿಹೋದವರು ಎನ್ನಲಿಲ್ಲ. ಏಕೆ? ಕಾರಣ ಅಂಚೆಯವನ ಚೀಲದಲ್ಲಿತ್ತು. 1880ರಲ್ಲಿ ಅಂಚೆ ಇಲಾಖೆ ಮನಿಯಾರ್ಡರ್ ಶುರು ಮಾಡಿದ ಮೇಲೆ ದೂರದ ಊರಿನ ದುಡಿಮೆ ಹಳ್ಳಿಯ ಜಗಲಿಗೆ ಬರುವ ದಾರಿಯಾಯಿತು. ಹಣದ ಜೊತೆಗೆ ಬರುವ ಚೀಟಿಯ ತುಂಡಿನಲ್ಲಿ ಎರಡು ಸಾಲು ಬರೆಯಬಹುದಿತ್ತು. ಮಗ ಬದುಕಿದ್ದಾನೆ, ಮನೆಯ ನೆನಪು ಇದೆ, ಅಷ್ಟು ಗೊತ್ತಾದರೆ ಸಾಕು. ಲೋಟ ತೊಳೆಯುವ ಹುಡುಗನಾದರೂ ಸರಿ, ತಿಂಗಳಿಗೊಮ್ಮೆ ಹಣ ಬಂದರೆ ಅವನು ಮನೆಯವನೇ.

ಲಚ್ಚ ಎಲ್ಲಿ ತಪ್ಪಿದ?

ಐತಾಳ ಮಗನನ್ನು ಹೋಟೆಲಿಗೆ ಕಳಿಸಲು ಒಪ್ಪಲಿಲ್ಲ. ಅವನ ಆಸೆ ದೊಡ್ಡದು. ಮಗ ಇಂಗ್ಲಿಷ್ ಕಲಿಯಬೇಕು, ಸರ್ಕಾರಿ ಚಾಕರಿ ಹಿಡಿಯಬೇಕು, ಮಯ್ಯರ ದುಡ್ಡಿಗಿಂತ ತನ್ನ ಮಗನ ಹುದ್ದೆ ಎತ್ತರ ಕಾಣಬೇಕು.

ಆ ಆಸೆಯೂ ಐತಾಳನೊಬ್ಬನದಲ್ಲ. ಮಂಗಳೂರಿನಲ್ಲಿ ಕೋರ್ಟು, ಕಚೇರಿ, ಶಾಲೆಗಳು ಬೆಳೆಯುತ್ತಿದ್ದ ಕಾಲ. ಸೇಂಟ್ ಅಲೋಶಿಯಸ್ ಕಾಲೇಜು ಶುರುವಾದದ್ದು 1880ರಲ್ಲಿ. ಮಂಗಳೂರಿಗೆ ರೈಲು ಬಂದದ್ದು 1907ರಲ್ಲಿ. ಬಾಸೆಲ್ ಮಿಶನ್ನಿನವರು 1865ರಲ್ಲಿ ಹಂಚಿನ ಕಾರ್ಖಾನೆ ತೆರೆದ ಮೇಲೆ ಹುಲ್ಲಿನ ಮಾಡಿನ ಜಾಗಕ್ಕೆ ಕೆಂಪು ಹಂಚು ಬರತೊಡಗಿತ್ತು. ಯಾರ ಮನೆ ಹಂಚಿನದು, ಯಾರ ಮಗ ಇಂಗ್ಲಿಷ್ ಬಲ್ಲವನು, ಇವೆರಡರಲ್ಲಿ ಊರಿನ ಮರ್ಯಾದೆ ಅಳೆಯುವ ಕಾಲ ಬಂದಿತ್ತು.

ಲಚ್ಚ ಓದಲು ಪೇಟೆಗೆ ಹೋದ. ಮನೆ ಎಂದರೆ ಹಣ ಬರುವ ಜಾಗ ಎಂಬುದನ್ನಷ್ಟೇ ಕಲಿತ. ಸಹವಾಸ, ಇಸ್ಪೀಟು, ಹೆಣ್ಣಿನ ಹುಚ್ಚು. ಮದುವೆ ಮಾಡಿದರೆ ಸರಿಹೋದಾನು ಎಂದು ನಾಗವೇಣಿಯನ್ನು ತಂದರು. ಈ ಮದ್ದು ನಮ್ಮ ಊರುಗಳಲ್ಲಿ ಇವತ್ತಿಗೂ ನಡೆಯುತ್ತದೆ, ಇವತ್ತಿಗೂ ಫಲ ಕೊಡುವುದಿಲ್ಲ. ಲಚ್ಚ ಸರಿಹೋಗಲಿಲ್ಲ. ಪೇಟೆಯಲ್ಲಿ ಅಂಟಿಸಿಕೊಂಡ ಗುಹ್ಯರೋಗವನ್ನು ಹೆಂಡತಿಗೂ ಕೊಟ್ಟ. ಪೆನಿಸಿಲಿನ್ ಬರುವ ಮುಂಚಿನ ಕಾಲ ಅದು. ಆ ರೋಗ ಒಮ್ಮೆ ಮೈಗೆ ಬಂದರೆ ಸುಲಭದ ಔಷಧ ಇರಲಿಲ್ಲ. ನಾಗವೇಣಿ ಮೈ ಕಳೆದುಕೊಂಡಳು, ಮಕ್ಕಳನ್ನೂ ಕಳೆದುಕೊಂಡಳು.

ಲಚ್ಚ ಯಾವುದರಿಂದ ಓಡುತ್ತಿದ್ದ ಎಂದು ಓದುವಾಗ ಹಲವು ಸಲ ಯೋಚಿಸಿದೆವು. ಬಡತನದಿಂದ ಅಲ್ಲ. ಮನೆಯಲ್ಲಿ ಉಣ್ಣಲು ಇತ್ತು. ಅವನ ಮೇಲೆ ಮನೆಯವರು ಹೇರಿದ ಆಸೆ ಭಾರವಾಗಿತ್ತೇ? ಇರಬಹುದು. ಒಬ್ಬನೇ ಮಗ, ಮೂರು ಜನ ತಾಯಂದಿರ ಮುದ್ದು, ಅಪ್ಪನ ಹಠ. ಕಾರಂತರು ಅವನನ್ನು ರಾಕ್ಷಸ ಮಾಡಿಲ್ಲ. ಅಪ್ಪನ ಪೈಪೋಟಿ, ಜಿಪುಣತನ, ಮಗನನ್ನು ಮೆರವಣಿಗೆಗೆ ಇಟ್ಟ ರೀತಿ, ಎಲ್ಲವನ್ನೂ ತೋರಿಸಿದ್ದಾರೆ. ಕಾರಣ ತಿಳಿಯಿತು ಎಂದ ಮಾತ್ರಕ್ಕೆ ತಪ್ಪು ಮಾಫಿಯಾಗುವುದಿಲ್ಲ ಎಂಬುದನ್ನೂ ಅಷ್ಟೇ ಸ್ಪಷ್ಟವಾಗಿ ತೋರಿಸಿದ್ದಾರೆ.

ಹಾಗೆ ನೋಡಿದರೆ ಕಾರಂತರೂ ನಿಂತಲ್ಲಿ ನಿಲ್ಲದ ಯುವಕರೇ ಆಗಿದ್ದರು. ಗಾಂಧೀಜಿಯವರ ಅಸಹಕಾರದ ಕರೆಗೆ 1921ರಲ್ಲಿ ಕಾಲೇಜು ಬಿಟ್ಟರು. ಖಾದಿ, ಪತ್ರಿಕೆ, ನಾಟಕ, ಯಕ್ಷಗಾನ ಎಂದು ಸುತ್ತಿದರು. ಮನೆಯವರು ಹಾಕಿದ ದಾರಿ ಬಿಡುವುದೆಂದರೆ ಏನೆಂದು ಅವರಿಗೆ ಗೊತ್ತಿತ್ತು. ಆದ್ದರಿಂದ ಅವರ ಕಾದಂಬರಿಯಲ್ಲಿ ಊರು ಬಿಡುವುದೇ ಪಾಪ ಎಂಬ ಉಪದೇಶ ಇಲ್ಲ. ಮಯ್ಯರ ಮನೆಯವರು ಬಿಟ್ಟರು, ಲಚ್ಚ ಬಿಟ್ಟ, ಲಚ್ಚನ ಮಗನೂ ಬಿಟ್ಟ. ಯಾರು ತಮ್ಮ ಭಾರವನ್ನು ಇನ್ನೊಬ್ಬರ ತಲೆಗೆ ಹೊರಿಸಿ ಹೋದರು ಎಂಬುದೇ ಅಲ್ಲಿ ಪ್ರಶ್ನೆ.

ನಾಗವೇಣಿಯ ಕೈಗೆ ಬಂದ ಕಾಗದ

ಕೊನೆಗಾಲಕ್ಕೆ ಐತಾಳನ ಕಣ್ಣು ತೆರೆಯಿತು. ಮಗನ ಕೈಗೆ ಆಸ್ತಿ ಕೊಟ್ಟರೆ ಉಳಿಯುವುದಿಲ್ಲ ಎಂದು ಸೊಸೆ ನಾಗವೇಣಿಯ ಹೆಸರಿಗೆ ಬರೆದ. ಜೀವಮಾನವಿಡೀ ಹೆಂಗಸರ ದುಡಿಮೆಯನ್ನು ಲೆಕ್ಕಕ್ಕೆ ಹಿಡಿಯದ ಮನುಷ್ಯ ಕಡೆಗೆ ನಂಬಿದ್ದು ಒಬ್ಬ ಹೆಂಗಸನ್ನು.

ಆ ಕಾಗದಕ್ಕೆ ಎಷ್ಟು ಬೆಲೆ ಎಂಬುದು ಅಂದಿನ ಕಾನೂನು ನೋಡಿದರೆ ತಿಳಿಯುತ್ತದೆ. ಗಂಡ ಸತ್ತರೆ ಹಿಂದೂ ವಿಧವೆಗೆ ಅವನ ಪಾಲಿನಲ್ಲಿ ಹಕ್ಕು ಎಂದು ದೇಶಕ್ಕೆಲ್ಲ ಕಾಯಿದೆ ಬಂದದ್ದು 1937ರಲ್ಲಿ, ಅದೂ ಬದುಕಿರುವಷ್ಟು ಕಾಲ ಅನುಭವಿಸುವ ಹಕ್ಕು ಮಾತ್ರ. ಪೂರ್ಣ ಹಕ್ಕು ಬಂದದ್ದು 1956ರಲ್ಲಿ. ಗಂಡ ಬದುಕಿದ್ದೂ ಮನೆಗೆ ಆಗದವನಾದರೆ ಹೆಂಡತಿಗೆ ಇದ್ದ ದಾರಿಗಳು ಬಹಳ ಇಕ್ಕಟ್ಟು. ತೌರಿಗೆ ಹೋಗಬೇಕು, ಇಲ್ಲವೇ ಮಾವನ ಮನೆಯ ಮೂಲೆಯಲ್ಲಿ ಇರಬೇಕು. ನಾಗವೇಣಿಗೆ ಮಾವನ ಕಾಗದ ಒಂದು ನೆಲ ಕೊಟ್ಟಿತ್ತು.

ಲಚ್ಚ ಆಗ ಮನೆಗೆ ಬಂದ. ಪಶ್ಚಾತ್ತಾಪದ ಮುಖ ಹೊತ್ತು ಬಂದ. ಹೆಂಡತಿಯ ಜೊತೆ ಸವಿಯಾಗಿ ಮಾತನಾಡಿದ. ಆಸ್ತಿಯನ್ನು ಅವಳ ಕೈಯಿಂದ ತನ್ನ ಕೈಗೆ ಮಾಡಿಕೊಂಡ. ನಂತರ ಅದನ್ನೂ ಹಾಳು ಮಾಡಿದ. ಓಡಿಹೋದ ಗಂಡ ಮರಳಿ ಬಂದರೆ ಊರೆಲ್ಲ ಸಂತೋಷಪಡುತ್ತದೆ. ಅವನು ಏಕೆ ಬಂದ ಎಂದು ಕೇಳುವ ಧೈರ್ಯ ಕಾರಂತರು ಮಾಡಿದರು.

ಉಳಿದದ್ದು ನಾಗವೇಣಿ, ವಯಸ್ಸಾದ ಸರಸೋತಿ, ಒಂದು ಮಗು. ತನ್ನದಲ್ಲದ ಸಂಸಾರಕ್ಕೆ ಬೆನ್ನು ಬಗ್ಗಿಸಿ ದುಡಿದು ಮುದುಕಿಯಾದವಳು ಸರಸೋತಿ. ಅವಳ ಹೆಸರು ಯಾವ ಆಸ್ತಿಯ ಕಾಗದದಲ್ಲೂ ಇರಲಿಲ್ಲ. ಹಾಗಿದ್ದೂ ಆ ಮನೆ ಮೂರು ತಲೆಮಾರು ಉಳಿದದ್ದು ಯಾರಿಂದ ಎಂದು ಕೇಳಿದರೆ ನಾವು ಮೊದಲು ಹೇಳುವ ಹೆಸರು ಅವಳದ್ದೇ.

ಮಗನೂ ಹೋದ, ಮಗ ಬಂದ

ಆ ಮಗುವೇ ರಾಮ. ಅಜ್ಜನ ಹೆಸರು ಇಟ್ಟ ಹುಡುಗ. ಅವನೂ ಓದಲು ಹೊರಗೆ ಹೋದ, ಮದರಾಸಿನವರೆಗೂ ಹೋದ. ಸತ್ಯಾಗ್ರಹಕ್ಕೆ ಧುಮುಕಿ ಜೈಲು ಕಂಡ. ಬಿ.ಎ. ಮುಗಿಸಿದ. ಆದರೆ 1930ರ ದಶಕ ಜಗತ್ತಿಗೇ ಆರ್ಥಿಕ ಕುಸಿತ ಬಡಿದಿದ್ದ ಕಾಲ. ಪದವಿ ಇತ್ತು, ಕೆಲಸ ಇರಲಿಲ್ಲ. ಮುಂಬಯಿಗೂ ಹೋಗಿ ಅಲೆದ. ಸಂಗೀತ ಬಲ್ಲ, ಚಿತ್ರ ಬಲ್ಲ, ಹೊಟ್ಟೆ ಮಾತ್ರ ತುಂಬುತ್ತಿಲ್ಲ. ಕೊನೆಗೆ ಅವ್ವ ಇರುವ ಊರಿಗೆ, ಗದ್ದೆಗೆ ಮರಳಿದ.

ಶಾಲೆಯಲ್ಲಿ ನಮಗೆ ಕಲಿಸಿದ್ದು ಇಲ್ಲಿಗೆ ನಿಲ್ಲುತ್ತದೆ. ಮಣ್ಣಿಗೆ ಮರಳಿದ ಮಗ ದೊಡ್ಡವನು. ನಿಜ, ದೊಡ್ಡವನೇ. ಆದರೆ ಮರಳಲು ಅವನಿಗೆ ಒಂದು ಬಾಗಿಲು ತೆರೆದಿತ್ತಲ್ಲ, ಅದನ್ನು ತೆರೆದಿಟ್ಟವರು ಯಾರು? ಇಡೀ ಜೀವ ಸವೆಸಿ ದೀಪ ಆರದಂತೆ ನೋಡಿಕೊಂಡ ಅವ್ವ ಇಲ್ಲದಿದ್ದರೆ ರಾಮ ಮರಳುವುದು ಎಲ್ಲಿಗೆ? ರೋಗ, ಸಾವು, ಮೋಸ ಎಲ್ಲವನ್ನೂ ಕಂಡ ನಾಗವೇಣಿ ಪಿಟೀಲು ಕಲಿತಿದ್ದಳು. ಮಗನಿಗೆ ಸಂಗೀತದ ಗೀಳು ಬಂದದ್ದು ಅವಳಿಂದ. ಅಪ್ಪ ಕೊಟ್ಟದ್ದು ಏನು ಎಂದು ಕೇಳಿದರೆ ರಾಮನ ಬಳಿ ಹೇಳಲು ಹೆಚ್ಚೇನೂ ಇರಲಿಲ್ಲ.

ಓಡುವುದಕ್ಕೂ ಆಸ್ತಿ ಬೇಕು

ಇನ್ನೊಂದು ಮಾತು ಹೇಳದಿದ್ದರೆ ಈ ಬರಹ ಅರ್ಧವಾಗುತ್ತದೆ. ಲಚ್ಚನಿಗೆ ಹಾಳು ಮಾಡಲು ಅಪ್ಪನ ಗಂಟು ಇತ್ತು. ಗಂಟೇ ಇಲ್ಲದ ಮನೆಯ ಹುಡುಗರ ಕಥೆ ಬೇರೆ.

ಅದನ್ನೂ ಕಾರಂತರೇ ಬರೆದಿದ್ದಾರೆ. 1933ರ 'ಚೋಮನ ದುಡಿ'ಯಲ್ಲಿ ಚೋಮ ಅಸ್ಪೃಶ್ಯ, ಒಡೆಯನ ಜೀತದಾಳು. ಸ್ವಂತ ಬೇಸಾಯ ಅವನ ಬದುಕಿನ ಒಂದೇ ಆಸೆ. ಸಾಲ ತೀರಿಸಲು ಮಕ್ಕಳಾದ ಚನಿಯ, ಗುರುವ ಘಟ್ಟದ ಮೇಲಿನ ಕಾಫಿ ತೋಟಕ್ಕೆ ಹೋಗುತ್ತಾರೆ. ಗುರುವ ಅಲ್ಲಿ ಮಾರಿ ಎಂಬ ಕ್ರೈಸ್ತ ಹುಡುಗಿಯನ್ನು ಮೆಚ್ಚಿ ಅಲ್ಲೇ ಉಳಿಯುತ್ತಾನೆ. ಚನಿಯ ಜ್ವರ ಹೊತ್ತು ಬಂದು ಮನೆಯಲ್ಲಿ ಸಾಯುತ್ತಾನೆ. ತೀರದ ಸಾಲಕ್ಕೆ ಕೊನೆಗೆ ತೋಟಕ್ಕೆ ಹೋಗುವವಳು ಮಗಳು ಬೆಳ್ಳಿ.

ಗುರುವನೂ ಮನೆಯ ಹೊಣೆ ಬಿಟ್ಟವನೇ. ಆದರೆ ಅವನು ಬಿಟ್ಟದ್ದು ತಾನು ಮಾಡದ ಸಾಲ, ತನ್ನದಲ್ಲದ ಭೂಮಿ, ಹುಟ್ಟಿನಿಂದ ಬಂದ ಕೀಳು ಪಟ್ಟ. ಅವನನ್ನೂ ಲಚ್ಚನನ್ನೂ ಒಂದೇ ತಕ್ಕಡಿಯಲ್ಲಿ ತೂಗಲು ನಮ್ಮಿಂದ ಆಗುವುದಿಲ್ಲ. ಎರಡೂ ಮನೆಗಳಿಗೆ ಸಮಾನವಾದದ್ದು ಒಂದೇ. ಗಂಡುಮಕ್ಕಳು ಬಿಟ್ಟ ಭಾರ ಅಲ್ಲಿ ನಾಗವೇಣಿಯ ಮೇಲೆ ಬಿತ್ತು, ಇಲ್ಲಿ ಬೆಳ್ಳಿಯ ಮೇಲೆ ಬಿತ್ತು.

ಹಾಲಿನ ಕ್ಯಾನು

ಆ ಊರಿನ ಹೆಂಗಸಿನ ಬಳಿ ನಾವು ಮತ್ತೊಮ್ಮೆ ಹೋದೆವು. ಈ ಸಲ ಕೇಳಬೇಕಾದ್ದನ್ನು ಕೇಳಿದೆವು. ಪಹಣಿ ಗಂಡನ ಹೆಸರಲ್ಲಿದೆ. ಬೆಳೆ ಸಾಲಕ್ಕೆ ಅವನ ಸಹಿ ಬೇಕು. ಅವನು ಸತ್ತಿಲ್ಲ, ಆದ್ದರಿಂದ ಪೌತಿ ಖಾತೆ ಆಗುವುದಿಲ್ಲ. ಅವನು ಇದ್ದಾನೆ ಎನ್ನಲು ಮನುಷ್ಯನೇ ಇಲ್ಲ. ಹಳೇ ಸಾಲದ ನೋಟಿಸು ಮಾತ್ರ ತಪ್ಪದೆ ಮನೆ ಬಾಗಿಲಿಗೆ ಬರುತ್ತದೆ.

ಏಳು ವರ್ಷ ಸುದ್ದಿಯೇ ಇಲ್ಲದವನನ್ನು ಸತ್ತವನೆಂದು ಊಹಿಸಬಹುದು ಎಂಬ ನಿಯಮ 1872ರ ಸಾಕ್ಷ್ಯ ಕಾಯಿದೆಯದು. ಆ ಕಾಯಿದೆಯ ಜಾಗಕ್ಕೆ ಹೊಸದು ಬಂದರೂ ಏಳು ವರ್ಷದ ಲೆಕ್ಕ ಹಾಗೇ ಇದೆ. ಗಂಡ ಎಲ್ಲೋ ದುಡಿಯುತ್ತಿದ್ದಾನೆ ಎಂದು ಗೊತ್ತಾದರೆ ಜೀವನಾಂಶಕ್ಕೆ ಅರ್ಜಿ ಹಾಕಬಹುದು. ವಕೀಲರಿಗೆ ಕೊಡಲು ದುಡ್ಡಿಲ್ಲ ಎಂದು ಸುಮ್ಮನಿರಬೇಕಾಗಿಲ್ಲ. 1987ರ ಕಾಯಿದೆಯ ಪ್ರಕಾರ ಹೆಂಗಸರಿಗೆ ಆದಾಯ ಎಷ್ಟೇ ಇರಲಿ ಉಚಿತ ಕಾನೂನು ನೆರವು ಸಿಗುತ್ತದೆ. ತಾಲ್ಲೂಕು ನ್ಯಾಯಾಲಯದಲ್ಲಿರುವ ಕಾನೂನು ಸೇವಾ ಸಮಿತಿಯನ್ನು ಕೇಳಬೇಕು. ನಾಗವೇಣಿಗೆ ಇಲ್ಲದ ಈ ದಾರಿಗಳು ಇವತ್ತಿನವರಿಗೆ ಇವೆ. ಇವೆ ಎಂದು ಹೇಳುವವರು ಕಡಿಮೆ.

ಊರಲ್ಲಿ ಹುಡುಗರು ಹೊರಡುವುದು ನಿಲ್ಲುವುದಿಲ್ಲ, ನಿಲ್ಲಬೇಕಾಗಿಯೂ ಇಲ್ಲ. ಬೆಂಗಳೂರಿಗೆ ಹೋಗಲಿ, ಗಲ್ಫಿಗೆ ಹೋಗಲಿ. ಅಂಚೆಯವನ ಚೀಲದ ಜಾಗಕ್ಕೆ ಮೊಬೈಲು ಬಂದಿದೆ. ಐದು ಸೆಕೆಂಡಿನಲ್ಲಿ ಹಣ ಬರುತ್ತದೆ, ಅಷ್ಟೇ ಸುಲಭವಾಗಿ ನಂಬರು ಬ್ಲಾಕ್ ಆಗುತ್ತದೆ. ಹೋಗುವವನಿಗೆ ನಮ್ಮ ಕೋರಿಕೆ ಒಂದೇ. ಹೊರಡುವ ಮೊದಲು ನಿನ್ನ ಹೆಗಲ ಮೇಲಿನದ್ದನ್ನು ಯಾರ ಹೆಗಲಿಗೆ ಹಾಕುತ್ತಿದ್ದೀಯ ಎಂದು ಒಮ್ಮೆ ತಿರುಗಿ ನೋಡು.

'ಮರಳಿ ಮಣ್ಣಿಗೆ' ದಪ್ಪ ಪುಸ್ತಕ. ಪಂಚಾಯಿತಿ ಗ್ರಂಥಾಲಯದಲ್ಲಿ ಸಿಕ್ಕರೆ ಬಿಡಬೇಡಿ. ಮಳೆಗಾಲದ ರಾತ್ರಿಗಳಲ್ಲಿ ಸ್ವಲ್ಪ ಸ್ವಲ್ಪವೇ ಓದಿ ಮುಗಿಸಬಹುದು. ಮನೆಯಲ್ಲಿ ಅಜ್ಜಿ ಇದ್ದರೆ ಸರಸೋತಿಯ ಭಾಗಗಳನ್ನು ಗಟ್ಟಿಯಾಗಿ ಓದಿ ಹೇಳಿ. ಅವರ ಬಾಯಿಂದ ಇನ್ನೊಂದು ಚರಿತ್ರೆಯೇ ಹೊರಬರಬಹುದು.

ಈಗಲೂ ಠಾಣೆಯಿಂದ ಕಾಣೆಯಾದವರ ಪ್ರಕಟಣೆ ಬರುತ್ತದೆ, ನಾವು ಬರೆಯುತ್ತೇವೆ. ಕೊನೆಯಲ್ಲಿ ಒಂದು ಸಾಲು ಸೇರಿಸುತ್ತೇವೆ, ಮನೆಯಲ್ಲಿ ಯಾರಿದ್ದಾರೆ, ಹೇಗೆ ನಡೆಯುತ್ತಿದೆ ಎಂದು. ಜಾಗ ಇಲ್ಲ ಎಂದು ಡೆಸ್ಕಿನಲ್ಲಿ ಎಷ್ಟೋ ಸಲ ಅದನ್ನು ತೆಗೆಯುತ್ತಾರೆ. ಮುಂದಿನ ಸಲ ನಾವು ಮತ್ತೆ ಸೇರಿಸುತ್ತೇವೆ.